ಫೀಸು ಮಾಫಿ ಸರಿ, ಬಿಲ್ಲು ಯಾರಿಗೆ?

ಅಮೆರಿಕದ ಸರ್ಕಾರಿ ಕಾಲೇಜುಗಳ ಫೀಸನ್ನು ಯಾರು ಹೊರಬೇಕು, ರಾಜ್ಯವೋ ಊರೋ ಹುಡುಗರೋ ಅನ್ನೋ ಜಗಳದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದವು ನೋಡಿ, ರಾಶಿ! ಮಕ್ಕಳು ಅಲ್ಲಿರುವ ಅಪ್ಪ ಅಮ್ಮಂದಿರದ್ದೇ ಜಾಸ್ತಿ. ಒಂದೇ ಥರದವನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಮಗ ನ್ಯೂಯಾರ್ಕ್ ರಾಜ್ಯದ ಒಂದು ಕೌಂಟಿಯಲ್ಲಿದ್ದಾನೆ (ನಮ್ಮ ಜಿಲ್ಲೆಯ ಥರ). ಕಾಲೇಜು ಫೀಸಿನ ವಿಷಯಕ್ಕೆ ಕೌಂಟಿ ಸಭೆಯಲ್ಲಿ ಪ್ರತಿ ವರ್ಷ ಕಿತ್ತಾಟವಂತೆ. ಕಾಲೇಜು ರಾಜ್ಯದ್ದು, ಮಧ್ಯೆ ಕೌಂಟಿಗೇನು ಕೆಲಸ?

ದುಡ್ಡು ಕೊಡುವ ಕೆಲಸ. ಅದಕ್ಕೇ ಕಿತ್ತಾಟ.

ನಿಮ್ಮ ಮಗ ಹೇಳುತ್ತಿರುವುದು ಕಮ್ಯುನಿಟಿ ಕಾಲೇಜಿನ ವಿಷಯ ಇರಬೇಕು. ಎರಡು ವರ್ಷದ ಕೋರ್ಸು, ಫೀಸು ಕಡಿಮೆ, ಮುಗಿಸಿದ ಮೇಲೆ ದೊಡ್ಡ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಿಕೊಳ್ಳಬಹುದು. ನ್ಯೂಯಾರ್ಕಿನ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆ, ಜನ ಸೂನಿ ಅಂತ ಕರೆಯುವುದು, ಶುರುವಾಗಿದ್ದು 1948ರಲ್ಲಿ. ಅದರಡಿಯ ಕಮ್ಯುನಿಟಿ ಕಾಲೇಜುಗಳ ಖರ್ಚಿಗೆ ಹಾಕಿಕೊಂಡ ಲೆಕ್ಕ ಸುಲಭದ್ದು. ಮೂರರಲ್ಲಿ ಒಂದು ಪಾಲು ರಾಜ್ಯ, ಒಂದು ಪಾಲು ಕಾಲೇಜನ್ನು ನಡೆಸುವ ಕೌಂಟಿ ಅಥವಾ ನಗರ, ಇನ್ನೊಂದು ವಿದ್ಯಾರ್ಥಿ. ಬರಬರುತ್ತಾ ರಾಜ್ಯ ಕೈ ಬಿಗಿ ಮಾಡಿತು, ಕೌಂಟಿಗಳೂ ಮೆಲ್ಲಗೆ ಹಿಂದೆ ಸರಿದವು. ಕೊರತೆ ಬಿದ್ದದ್ದೆಲ್ಲ ಫೀಸಿಗೆ ಸೇರಿತು. ವಿದ್ಯಾರ್ಥಿಯ ಪಾಲು ಬಹಳ ಕಡೆ ಮೂರನೇ ಒಂದನ್ನು ಯಾವತ್ತೋ ದಾಟಿದೆ.

ಇದರ ಮೇಲೆ ಚಾರ್ಜ್‌ಬ್ಯಾಕ್ ಅಂತ ಇನ್ನೊಂದು ತಕರಾರು. ನಿಮ್ಮ ಕೌಂಟಿಯ ಹುಡುಗಿ ಬೇರೆ ಕೌಂಟಿಯ ಕಮ್ಯುನಿಟಿ ಕಾಲೇಜಿಗೆ ಸೇರಿದಳು ಅನ್ನಿ. ಊರು ಕೊಡಬೇಕಾದ ಪಾಲನ್ನು ಆ ಕಾಲೇಜು ನಿಮ್ಮ ಕೌಂಟಿಯಿಂದ ವಸೂಲು ಮಾಡುತ್ತದೆ. ಕಾನೂನೇ ಹಾಗಿದೆ, ಒಲ್ಲೆ ಅನ್ನುವಂತಿಲ್ಲ. ಸ್ವಂತ ಕಾಲೇಜೇ ಇಲ್ಲದ ಕೌಂಟಿಗೂ ಬಿಲ್ಲು ಬರುತ್ತದೆ. ಕೌಂಟಿ ಅದನ್ನು ತನ್ನ ಕೆಳಗಿನ ಟೌನುಗಳ ತಲೆಗೆ ಕಟ್ಟಬಹುದು, ಕೆಲವು ಕಟ್ಟಿದ್ದೂ ಇದೆ. ಸುತ್ತಿ ಬಳಸಿ ಕೊನೆಗೆ ಅದು ಜನರ ಮನೆ ತೆರಿಗೆಗೆ ಬಂದು ಸೇರುತ್ತದೆ.

ಇದರಲ್ಲೂ ಹೆಚ್ಚು ಗಲಾಟೆ ಎಬ್ಬಿಸಿರುವುದು ನ್ಯೂಯಾರ್ಕ್ ನಗರದ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಕಾನೂನಿನ ಲೆಕ್ಕದಲ್ಲಿ ಅದು ಕಮ್ಯುನಿಟಿ ಕಾಲೇಜು. ಆದರೆ ಅಲ್ಲಿ ನಾಲ್ಕು ವರ್ಷದ ಡಿಗ್ರಿಯೂ ಇದೆ, ಮಾಸ್ಟರ್ಸೂ ಇದೆ. ಬೇರೆ ಸೂನಿ ಕಾಲೇಜಿನಲ್ಲಿ ನಾಲ್ಕು ವರ್ಷದ ಡಿಗ್ರಿ ಓದುವವರಿಗೆ ನಾವು ಕೊಡಬೇಕಿಲ್ಲ, ಇದಕ್ಕೆ ಮಾತ್ರ ಯಾಕೆ ಕೊಡಬೇಕು ಅಂತ ಕೌಂಟಿಗಳು ವರ್ಷಗಳಿಂದ ಕೇಳುತ್ತಾ ಬಂದಿವೆ. ಈ ಒಂದು ವಿಷಯದಲ್ಲಿ ನಾನು ಕೌಂಟಿಗಳ ಪರ. ಎರಡು ವರ್ಷದ ಕಾಲೇಜಿಗೆ ಅಂತ ಮಾಡಿದ ನಿಯಮವನ್ನು ನಾಲ್ಕಾರು ವರ್ಷದ ಕೋರ್ಸಿಗೂ ಎಳೆದರೆ ಯಾರಾದರೂ ಸಿಟ್ಟಾಗುತ್ತಾರೆ. ಹಾಗಂತ ಆ ಹುಡುಗರ ಫೀಸು ಏರಿಸಿ ಅಂದರೆ ಅದಕ್ಕೂ ಒಪ್ಪಲ್ಲ. ರಾಜ್ಯ ವಹಿಸಿಕೊಳ್ಳಬೇಕು.

ನಿಮ್ಮ ಮನೆಯಲ್ಲೇ ಯಾರಾದರೂ ಅಲ್ಲಿನ ಕಮ್ಯುನಿಟಿ ಕಾಲೇಜಿಗೆ ಸೇರುವವರಿದ್ದರೆ ಒಂದು ಮಾತು. ಕೌಂಟಿಯಿಂದ ವಾಸದ ಪ್ರಮಾಣಪತ್ರ ತಂದುಕೊಡಿ ಅಂತ ಕೇಳುತ್ತಾರೆ. ಚಾರ್ಜ್‌ಬ್ಯಾಕ್ ಬಿಲ್ಲು ಕಳಿಸೋಕೆ ಕಾಲೇಜಿಗೆ ಬೇಕಾದದ್ದೇ ಆ ಕಾಗದ. ಅದಕ್ಕೆ ಗಡುವು ಇರುತ್ತದೆ. ಆಮೇಲೆ ಕೊಟ್ಟರಾಯಿತು ಅಂತ ಸುಮ್ನೆ ಕೂತರೆ ಹೊರರಾಜ್ಯದವರ ಫೀಸು ಬೀಳಬಹುದು, ಅಂದರೆ ದುಪ್ಪಟ್ಟು.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಲೇಜೇ ಉಚಿತವಂತೆ. ಒಂದು ನಗರಕ್ಕೆ ಅಷ್ಟು ದುಡ್ಡು ಎಲ್ಲಿಂದ ಬಂತು ಸರ್?

ಅಲ್ಲಿರುವ ಎಲ್ಲ ಕಾಲೇಜೂ ಉಚಿತವಲ್ಲ. ಸಿಟಿ ಕಾಲೇಜ್ ಅನ್ನೋ ಒಂದೇ ಕಮ್ಯುನಿಟಿ ಕಾಲೇಜಿನಲ್ಲಿ, ಆ ಊರಲ್ಲಿ ವಾಸ ಇರುವವರಿಗೆ, ಬೋಧನಾ ಶುಲ್ಕ ಮಾತ್ರ ಮಾಫಿ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ ಫೀಸು ಯೂನಿಟ್ಟಿಗೆ (ಪಾಠದ ಹೊರೆ ಅಳೆಯುವ ಲೆಕ್ಕ) 46 ಡಾಲರ್. ರಾಜ್ಯದವರಿಗೆ 2012ರಿಂದ ಅದೇ ದರ. ಆ 46 ಡಾಲರನ್ನು ವಿದ್ಯಾರ್ಥಿಯ ಬದಲು ನಗರ ಕಟ್ಟುತ್ತದೆ.

ದುಡ್ಡಿನ ಕತೆ ಮಜವಾಗಿದೆ. 2016ರ ನವೆಂಬರಿನಲ್ಲಿ ನಗರದ ಮತದಾರರು ಪ್ರಾಪೊಸಿಷನ್ ಡಬ್ಲ್ಯೂ ಅನ್ನೋ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. 50 ಲಕ್ಷ ಡಾಲರ್ ಮತ್ತು ಅದಕ್ಕೂ ಮೇಲಿನ ಬೆಲೆಯ ಆಸ್ತಿ ಮಾರಾಟವಾದರೆ ವರ್ಗಾವಣೆ ತೆರಿಗೆ ಜಾಸ್ತಿ ಅನ್ನುವುದು ಅದರ ಸಾರ. ಅದರ ಹಿಂದಿದ್ದವರು ನಗರದ ಸೂಪರ್‌ವೈಸರ್ (ನಮ್ಮ ಕಾರ್ಪೊರೇಟರ್ ಥರ) ಜೇನ್ ಕಿಮ್. ಈ ದುಡ್ಡಲ್ಲಿ ಸಿಟಿ ಕಾಲೇಜ್ ಉಚಿತ ಅಂತಲೇ ಪ್ರಚಾರ ನಡೆಯಿತು. ಆದರೆ ಕಾನೂನಿನಲ್ಲಿ ಕಾಲೇಜಿನ ಹೆಸರು ಕಟ್ಟಿಹಾಕಿರಲಿಲ್ಲ, ಹಣ ಬರುವುದು ನಗರದ ಸಾಮಾನ್ಯ ಬೊಕ್ಕಸಕ್ಕೆ. ಯಾಕೆ ಹಾಗೆ ಮಾಡಿದರು ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಕೆಲಸಕ್ಕೆ ಅಂತ ಹೇಳಿ ನಗರಸಭೆ ತೆರಿಗೆ ತರೋಕೆ ಹೊರಟರೆ ಮತದಾರರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು, ಸಾಮಾನ್ಯ ತೆರಿಗೆ ಅಂದರೆ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೂ ಸಾಕು. ಸುಲಭದ ದಾರಿ ಹಿಡಿದರು. ಹಾಗಾಗಿ ಗೆದ್ದ ಮೇಲೆ ಎರಡನೇ ಜಗಳ. ಈ ಹಣ ಕಾಲೇಜಿಗೇ ಹೋಗಬೇಕಾ, ಬೇರೆ ಖರ್ಚಿಗೂ ಬಳಸಬಹುದಾ? ಮೇಯರ್ ಎಡ್ ಲೀ ಮತ್ತು ಸೂಪರ್‌ವೈಸರ್‌ಗಳ ನಡುವೆ ಹಗ್ಗಜಗ್ಗಾಟ ನಡೆದು, 2017ರ ಫೆಬ್ರವರಿಯಲ್ಲಿ ವರ್ಷಕ್ಕೆ 54 ಲಕ್ಷ ಡಾಲರ್ ಅಂತ ರಾಜಿ ಆಯಿತು. ಆ ವರ್ಷದ ಆಗಸ್ಟಿನ ಹೊತ್ತಿಗೆ ಯೋಜನೆ ಶುರು.

ನನಗೆ ಇಲ್ಲಿ ಇಷ್ಟವಾದದ್ದು ಇನ್ನೊಂದು. ಬಡ ವಿದ್ಯಾರ್ಥಿಗಳಿಗೆ ರಾಜ್ಯ ಮೊದಲೇ ಫೀಸು ಮಾಫಿ ಮಾಡಿತ್ತು. ಅಂದ ಮೇಲೆ ನಗರ ಫೀಸು ಕಟ್ಟಿದರೆ ಅವರಿಗೆ ಹೊಸದಾಗಿ ಏನೂ ಸಿಗುತ್ತಿರಲಿಲ್ಲ, ಅಲ್ವಾ? ಅದಕ್ಕೆ ಅವರಿಗೆ ಪುಸ್ತಕ, ಓಡಾಟದ ಖರ್ಚಿಗೆ ಅಂತ ಕೈಗೇ ಸ್ವಲ್ಪ ದುಡ್ಡು ಕೊಡುವ ಏರ್ಪಾಡು ಮಾಡಿದರು. ಬಹಳ ಕಡೆ ಉಚಿತ ಕಾಲೇಜು ಅಂತ ಘೋಷಿಸುವವರು ಇದನ್ನು ಮರೆಯುತ್ತಾರೆ.

ಪ್ರಶ್ನೆ: ಮರೆಯುತ್ತಾರೆ ಅಂದರೆ? ನ್ಯೂಯಾರ್ಕಿನಲ್ಲಿ 1,25,000 ಡಾಲರ್ ಒಳಗಿನ ಆದಾಯದವರಿಗೆಲ್ಲ ಫೀಸಿಲ್ಲ ಅಂತ ಸುದ್ದಿ ಬಂದಿತ್ತಲ್ಲ?

(ಈ ಪ್ರಶ್ನೆ ಬೇರೆ ಓದುಗರದ್ದು, ಮೇಲಿನದಕ್ಕೆ ಹೊಂದುತ್ತದೆ ಅಂತ ಇಲ್ಲಿಟ್ಟು ಮೊದಲ ಎರಡು ಪದ ನಾನೇ ಸೇರಿಸಿದ್ದೇನೆ, ಕ್ಷಮಿಸಿ.)

ಅದು ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್. ಗವರ್ನರ್ ಆಂಡ್ರ್ಯೂ ಕ್ಯುಮೊ 2017ರಲ್ಲಿ ತಂದದ್ದು. ಸಣ್ಣಕ್ಷರದಲ್ಲಿ ಬಹಳ ಇದೆ. ಮೊದಲು ಬೇರೆ ಎಲ್ಲ ನೆರವನ್ನೂ ಲೆಕ್ಕ ಹಾಕುತ್ತಾರೆ. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್, ಫೀಸಿಗೆ ಅಂತ ರಾಜ್ಯ ಕೊಡುವ ಟ್ಯಾಪ್ ನೆರವು, ಎಲ್ಲ ಕಳೆದು ಫೀಸಿನಲ್ಲಿ ಏನಾದರೂ ಉಳಿದರೆ ಅದನ್ನು ಮಾತ್ರ ಈ ಸ್ಕಾಲರ್‌ಶಿಪ್ ಕೊಡುತ್ತದೆ. ತೀರಾ ಬಡವರ ಫೀಸು ಪೆಲ್ ಮತ್ತು ಟ್ಯಾಪ್‌ನಲ್ಲೇ ಮುಗಿದಿರುತ್ತದೆ, ಅವರಿಗೆ ಸೊನ್ನೆ. ಸಿಗುವುದು ಮಧ್ಯಮ ವರ್ಗಕ್ಕೆ. ಹಾಸ್ಟೆಲ್, ಊಟ, ಪುಸ್ತಕ ಯಾವುದೂ ಸೇರಿಲ್ಲ, ಮತ್ತು ಸೂನಿ ಕಾಲೇಜಿನಲ್ಲಿ ಉಳಿದುಕೊಂಡು ಓದುವವರಿಗೆ ಫೀಸಿಗಿಂತ ದೊಡ್ಡ ಖರ್ಚು ಅದೇ. ವರ್ಷಕ್ಕೆ 30 ಕ್ರೆಡಿಟ್, ಅಂದರೆ ಪೂರ್ತಿ ಹೊತ್ತಿನ ಓದು, ಮುಗಿಸಬೇಕು. ಸಂಜೆ ಅಂಗಡಿಯಲ್ಲಿ ದುಡಿದು ಓದುವ ಹುಡುಗನಿಗೆ ಅದು ಕಷ್ಟ. ಓದು ಮುಗಿದ ಮೇಲೆ, ಎಷ್ಟು ವರ್ಷ ಹಣ ಪಡೆದರೋ ಅಷ್ಟು ವರ್ಷ ನ್ಯೂಯಾರ್ಕಿನಲ್ಲೇ ಇರಬೇಕು. ಇಲ್ಲದಿದ್ದರೆ ಅದು ಸಾಲವಾಗಿ ಬದಲಾಗುತ್ತದೆ.

ಕೆಟ್ಟ ಯೋಜನೆ ಅಂತ ಹೇಳುತ್ತಿಲ್ಲ. ಅರ್ಹತೆ ಇದ್ದರೆ ಕಣ್ಣು ಮುಚ್ಚಿ ಅರ್ಜಿ ಹಾಕಿ. ಆದರೆ ಬಡವರಿಗಾಗಿ ಅಂತ ಭಾಷಣ ಮಾಡಿದರೆ ನಂಬಬೇಡಿ.

ಪ್ರಶ್ನೆ: ಹಿಂದೆ ಅಮೆರಿಕದಲ್ಲಿ ಸರ್ಕಾರಿ ಕಾಲೇಜು ಉಚಿತವಾಗೇ ಇತ್ತು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ?

ಕೆಲವು ಕಡೆ ನಿಜ. ನ್ಯೂಯಾರ್ಕ್ ನಗರದ್ದು ಇದರಲ್ಲಿ ದೊಡ್ಡ ಉದಾಹರಣೆ. 1847ರಲ್ಲಿ ಫ್ರೀ ಅಕಾಡೆಮಿ ಅಂತ ಸ್ಥಾಪನೆ ಆಯಿತು, ಹೆಸರಲ್ಲೇ ಇದೆ ನೋಡಿ. ಮುಂದೆ ಅದು ಸಿಟಿ ಕಾಲೇಜ್ ಆಯಿತು, ಸುತ್ತ ಇನ್ನಷ್ಟು ಕಾಲೇಜು ಸೇರಿ ಸಿಟಿ ಯೂನಿವರ್ಸಿಟಿ ಆಯಿತು. ವಲಸೆ ಬಂದ ಬಡವರ ಮಕ್ಕಳು ತಲೆಮಾರುಗಟ್ಟಲೆ ಅಲ್ಲಿ ಬೋಧನಾ ಶುಲ್ಕ ಕೊಡದೆ ಓದಿದರು. 1970ರಲ್ಲಿ, ಹೈಸ್ಕೂಲ್ ಮುಗಿಸಿದ ನಗರದ ಯಾರಿಗೇ ಆಗಲಿ ಸೀಟು ಅಂತ ಬಾಗಿಲು ತೆರೆದರು. ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದರು. 1975ರಲ್ಲಿ ನಗರ ದಿವಾಳಿ ಅಂಚಿಗೆ ಬಂತು. ಹಣ ಬೇಕಾದರೆ ಮೊದಲು ಫೀಸು ಹಾಕಿ ಅಂತ ಮೇಲಿನಿಂದ ಒತ್ತಡ. 1976ರ ಬೇಸಿಗೆಯ ಹೊತ್ತಿಗೆ ಸಂಬಳಕ್ಕೂ ದುಡ್ಡಿಲ್ಲದೆ ಯೂನಿವರ್ಸಿಟಿಯ ಬಾಗಿಲೇ ಸ್ವಲ್ಪ ದಿನ ಮುಚ್ಚಿತ್ತು. ಆ ವರ್ಷದಿಂದ ಫೀಸು ಶುರು. ನಂತರ ಅಲ್ಲಿನ ನಾಲ್ಕು ವರ್ಷದ ಕಾಲೇಜುಗಳ ಖರ್ಚನ್ನು ರಾಜ್ಯ ವಹಿಸಿಕೊಂಡಿತು, ಆದರೆ ಫೀಸು ವಾಪಸ್ ಹೋಗಲಿಲ್ಲ. ಒಮ್ಮೆ ಬಂದ ಫೀಸು ಹೋಗುವುದು ಅಪರೂಪ.

129 ವರ್ಷ ಉಚಿತವಾಗಿದ್ದದ್ದು, ಬಾಗಿಲು ಎಲ್ಲರಿಗೂ ತೆರೆದ ಆರೇ ವರ್ಷಕ್ಕೆ ಮುಗಿಯಿತು. ಕಾಕತಾಳೀಯ ಅಂತ ಕೆಲವರು ಹೇಳುತ್ತಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪೋಕೆ ಆಗಲ್ಲ.

ಪ್ರಶ್ನೆ: ರಾಜ್ಯ ಸರ್ಕಾರಗಳು ಮೊದಲು ಕಾಲೇಜಿಗೇ ಕತ್ತರಿ ಹಾಕುವುದು ಯಾಕೆ?

ಕಾಲೇಜಿಗೆ ಬೇರೆ ಕಡೆಯಿಂದ ದುಡ್ಡು ಎತ್ತುವ ದಾರಿ ಇದೆ ಅಂತ. ಜೈಲಿನವರು ಕೈದಿಗಳಿಗೆ ಫೀಸು ಹಾಕಿ ಜೈಲು ನಡೆಸೋಕೆ ಆಗಲ್ಲ. ಶಾಲೆ ಉಚಿತ ಇರಲೇಬೇಕು. ಬಡವರ ಆರೋಗ್ಯದ ಮೆಡಿಕೇಡ್ ಯೋಜನೆಯಲ್ಲಿ ಕೇಂದ್ರದ ಕಟ್ಟಳೆಗಳಿವೆ. ಕಾಲೇಜು ಮಾತ್ರ ಕೊರತೆಯನ್ನು ವಿದ್ಯಾರ್ಥಿಗೆ ದಾಟಿಸಬಹುದು. ಜೊತೆಗೆ ಬಹುತೇಕ ಎಲ್ಲ ರಾಜ್ಯಗಳೂ ಬಜೆಟ್ಟನ್ನು ಸರಿದೂಗಿಸಲೇಬೇಕು, ಕೇಂದ್ರದ ಹಾಗೆ ಸಾಲದ ಮೇಲೆ ವರ್ಷ ತಳ್ಳೋಕೆ ಬರಲ್ಲ. 2008ರ ಆರ್ಥಿಕ ಕುಸಿತದ ನಂತರ ಆದದ್ದು ಇದೇ. 2009ರ ನವೆಂಬರಿನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಒಂದೇ ಏಟಿಗೆ ಶೇ 32ರಷ್ಟು ಫೀಸು ಏರಿಕೆಗೆ ಒಪ್ಪಿಗೆ ಕೊಟ್ಟಿತು. ಹುಡುಗರು ಕಟ್ಟಡಗಳಿಗೆ ನುಗ್ಗಿ ಕೂತರು. ಆದರೂ ಏರಿತು. ಜನರ ಕೆಲಸ ಹೋಗಿ ಅಪ್ಪ ಅಮ್ಮನ ಹತ್ತಿರ ದುಡ್ಡಿಲ್ಲದ ವರ್ಷದಲ್ಲೇ ಫೀಸು ಏರುವುದು, ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆ ಇನ್ನೊಂದಿಲ್ಲ.

ಪ್ರಶ್ನೆ: ಲಾಟರಿ ದುಡ್ಡಲ್ಲಿ ಕಾಲೇಜು ಓದಿಸುತ್ತಾರಂತೆ, ಹೌದಾ?

ಹೌದು. ಜಾರ್ಜಿಯಾ ರಾಜ್ಯ 1993ರಿಂದ, ಹೋಪ್ ಸ್ಕಾಲರ್‌ಶಿಪ್. ಟೆನೆಸ್ಸಿ ಕೂಡ, 2015ರಿಂದ ಕಮ್ಯುನಿಟಿ ಕಾಲೇಜಿಗೆ. ಲಾಟರಿ ಕೊಳ್ಳುವವರಲ್ಲಿ ಬಡವರು ಜಾಸ್ತಿ, ಒಳ್ಳೆ ಅಂಕ ಬೇಕಾದ ಹೋಪ್ ಸಿಗುವವರಲ್ಲಿ ಅನುಕೂಲಸ್ಥರ ಮಕ್ಕಳು ಜಾಸ್ತಿ ಅನ್ನೋ ಟೀಕೆ ಮೊದಲಿಂದ ಇದೆ. ಟೆನೆಸ್ಸಿಯದ್ದಕ್ಕೆ ಸೇರೋಕೆ ಅಂಕದ ಕಟ್ಟುಪಾಡಿಲ್ಲ, ನನಗೆ ಅದು ವಾಸಿ ಅನ್ನಿಸುತ್ತದೆ.

ಪ್ರಶ್ನೆ: ಅಣ್ಣ ಟೆಕ್ಸಸ್‌ನಲ್ಲಿ ಮನೆ ಕೊಂಡಿದ್ದಾರೆ. ಮಕ್ಕಳ ಓದೆಲ್ಲ ಮುಗಿದಿದೆ. ಆದರೂ ಮನೆ ತೆರಿಗೆಯಲ್ಲಿ ಕಾಲೇಜಿನದ್ದು ಅಂತ ಒಂದು ಸಾಲು ಬರುತ್ತದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ಬೈಯುತ್ತಿರುತ್ತಾರೆ. ಅವರ ಮಾತು ತಪ್ಪಾ?

ಟೆಕ್ಸಸ್‌ನಲ್ಲಿ ಕಮ್ಯುನಿಟಿ ಕಾಲೇಜುಗಳಿಗೆ ತಮ್ಮದೇ ಡಿಸ್ಟ್ರಿಕ್ಟ್ (ಜಿಲ್ಲೆಯಲ್ಲ, ಕಾಲೇಜಿನ ತೆರಿಗೆ ವ್ಯಾಪ್ತಿ) ಇರುತ್ತದೆ, ಅದರೊಳಗಿನ ಮನೆ, ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರವೂ ಇದೆ. ಡಿಸ್ಟ್ರಿಕ್ಟ್ ಒಳಗಿರುವವರಿಗೆ ಕಡಿಮೆ ಫೀಸು, ಹೊರಗಿನವರಿಗೆ ಜಾಸ್ತಿ. ಪಕ್ಕದ ಊರಿನವರು ನಾವೂ ಸೇರುತ್ತೇವೆ ಅಂತ ಮತ ಹಾಕಿ ಸೇರಬಹುದು. ತೆರಿಗೆ ಬೇಡ ಅಂತ ಮತದಾನದಲ್ಲಿ ತಿರಸ್ಕರಿಸಿದ ಊರುಗಳೂ ಇವೆ. ಕಡಿಮೆ ಫೀಸೂ ಬೇಕು, ತೆರಿಗೆಯೂ ಬೇಡ ಅನ್ನೋಕೆ ಅಲ್ಲಿ ಜಾಗ ಇಲ್ಲ. ನನಗೆ ಈ ಪದ್ಧತಿಯ ನೇರತನ ಹಿಡಿಸುತ್ತದೆ. ಯಾರು ಎಷ್ಟು ಕೊಡುತ್ತಿದ್ದಾರೆ ಅಂತ ಬಿಲ್ಲಿನಲ್ಲೇ ಕಾಣುತ್ತದೆ, ಸಿಟ್ಟು ಬಂದರೆ ಕಾಲೇಜಿನ ಟ್ರಸ್ಟಿಗಳನ್ನೇ ಚುನಾವಣೆಯಲ್ಲಿ ಬದಲಾಯಿಸಬಹುದು. ತೊಂದರೆ ಏನೆಂದರೆ ಶ್ರೀಮಂತ ಊರಿನ ಕಾಲೇಜಿಗೆ ಸುಲಭವಾಗಿ ಹಣ ಬರುತ್ತದೆ, ಬಡ ಊರಿನದ್ದಕ್ಕೆ ಬರಲ್ಲ. ಅದನ್ನು ಸರಿದೂಗಿಸುವುದು ರಾಜ್ಯದ ಕೆಲಸ.

ಅಣ್ಣನವರಿಗೆ ಇಷ್ಟು ಹೇಳಿ. ಅವರ ಊರಿನ ನರ್ಸುಗಳು, ಎಲೆಕ್ಟ್ರಿಷಿಯನ್‌ಗಳು, ಆಂಬುಲೆನ್ಸಿನಲ್ಲಿ ಬರುವವರು ಬಹಳ ಮಂದಿ ತಯಾರಾಗುವುದು ಇಂಥ ಕಾಲೇಜುಗಳಲ್ಲೇ. ವಯಸ್ಸು 65 ದಾಟಿದ್ದರೆ ತೆರಿಗೆ ವಿನಾಯಿತಿ ಇದೆಯಾ ಅಂತ ಕೌಂಟಿಯ ಅಪ್ರೈಸಲ್ ಆಫೀಸಿನಲ್ಲಿ ಕೇಳಲಿ, ಬಹಳ ಜನ ಕೇಳುವುದೇ ಇಲ್ಲ.

ಪ್ರಶ್ನೆ: ಮಗಳು ಅಳಿಯ ಎಚ್-1ಬಿ ಮೇಲಿದ್ದಾರೆ. ಮೊಮ್ಮಗಳು ಎಚ್-4, ಅಂದರೆ ಅವರ ಅವಲಂಬಿತರ ವೀಸಾ. ಮುಂದಿನ ವರ್ಷ ಕಾಲೇಜು. ಅವಳಿಗೆ ರಾಜ್ಯದವರ ಫೀಸು ಸಿಗುತ್ತಾ?

ಬಹಳ ರಾಜ್ಯಗಳಲ್ಲಿ ಸಿಗುತ್ತದೆ ಅಮ್ಮಾ. ಅಪ್ಪ ಅಮ್ಮ ಆ ರಾಜ್ಯದಲ್ಲಿ ಸಾಮಾನ್ಯವಾಗಿ ಕನಿಷ್ಠ 12 ತಿಂಗಳಿಂದ ವಾಸ ಇದ್ದು, ಅಲ್ಲೇ ತೆರಿಗೆ ಕಟ್ಟುತ್ತಿರಬೇಕು. ಪ್ರತಿ ರಾಜ್ಯದ ನಿಯಮ ಬೇರೆ, ಕಾಲೇಜಿನ ರಿಜಿಸ್ಟ್ರಾರ್ ಆಫೀಸಿಗೆ ಬರೆದು ಲಿಖಿತ ಉತ್ತರ ತರಿಸಿಕೊಳ್ಳಲಿ. ಪೆಲ್ ಗ್ರ್ಯಾಂಟ್ ಥರದ ಕೇಂದ್ರದ ನೆರವು ಎಚ್-4ರವರಿಗೆ ಇಲ್ಲ, ಗ್ರೀನ್ ಕಾರ್ಡ್ ಆದ ಮೇಲೆ ಕೇಳಬಹುದು. ಇನ್ನೊಂದು ವಿಷಯ ಈಗಲೇ ಯೋಚಿಸಿ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಸಾಮಾನ್ಯವಾಗಿ ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳಬೇಕು. ಆಗ ಕೆಲವು ಕಡೆ ರಾಜ್ಯದವರ ಫೀಸು ಕೈತಪ್ಪಬಹುದು. ಮೂರನೇ ವರ್ಷದಲ್ಲಿ ಹಾಗಾದರೆ ಏನು ನಿಯಮ ಅಂತಲೂ ಅದೇ ಪತ್ರದಲ್ಲಿ ಕೇಳಿಬಿಡಲಿ.