ಚಿಕ್ಕ ಮಗು ಕಟ್ಟಿಕೊಂಡು ಹಾಸನಕ್ಕೆ ಬಂದರೆ ಬೇಜಾರಾಗುತ್ತಾ?

ಹೆಂಡತಿಗೆ ಹಾಸನಕ್ಕೆ ವರ್ಗ ಆಗಿದೆ, ಮಗುವಿಗೆ ಮೂರು ವರ್ಷ, ನೀವು ಮನೆಯಿಂದಲೇ ಕೆಲಸ ಮಾಡುತ್ತೀರಿ. ಬೆಂಗಳೂರಿನ ತರ ದೊಡ್ಡ ಮಾಲ್, ಪ್ಲೇ ಏರಿಯಾ ಇಲ್ಲದ ಊರಲ್ಲಿ ಭಾನುವಾರ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗೋದು, ಬೇಜಾರಾಗುತ್ತಾ, ಚಳಿ ಜಾಸ್ತಿನಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ನಮ್ಮದೂ ಹೆಚ್ಚುಕಮ್ಮಿ ಇದೇ ಕಥೆ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಅವಳಿಗೆ ವರ್ಗ ಆಯಿತು, ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹಿಂದೆ ಬಂದೆ. ಆಗ ಮಗಳಿಗೆ ನಾಲ್ಕು, ಮಗನಿಗೆ ಇನ್ನೂ ಒಂದು.

ಮೊದಲ ಮೂರು ತಿಂಗಳು ಬೇಜಾರಾಯಿತು. ಸುಳ್ಳು ಹೇಳಲ್ಲ. ಶುಕ್ರವಾರ ಸಂಜೆ ಆದರೆ ಸಾಕು, ಕಾರು ಹತ್ತಿ ಬೆಂಗಳೂರಿಗೆ ಹೊರಡುತ್ತಿದ್ದೆವು. ಹೋಗ್ತಾ 180 ಕಿಲೋಮೀಟರ್‌ಗೂ ಜಾಸ್ತಿ, ಬರ್ತಾ ಅಷ್ಟೇ. ಮಗಳು ಕುಣಿಗಲ್ ಹತ್ತಿರ ಬರುವಷ್ಟರಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು, ಚಿಕ್ಕವನು ದಾರಿಯುದ್ದಕ್ಕೂ ಅಳುತ್ತಿದ್ದ, ಸೋಮವಾರ ಎಲ್ಲರಿಗೂ ಮೈಕೈ ನೋವು. ನಿಮಗೆ ಮೊದಲು ಹೇಳಬೇಕಾದ್ದು ಇದೇ: ಬಂದ ಮೇಲೆ ಎರಡು ತಿಂಗಳಾದರೂ ವಾರಾವಾರ ವಾಪಸ್ ಓಡಬೇಡಿ. ಊರಲ್ಲಿ ನಿಂತರೆ ತಾನೇ ಊರು ಪರಿಚಯ ಆಗೋದು?

ಆಮೇಲೆ ನಾವು ಇನ್ನೊಂದು ತಪ್ಪು ಮಾಡಿದೆವು. ಹಾಸನಕ್ಕೆ ಬಂದಿದ್ದೇವೆ, ಎಲ್ಲ ನೋಡಿಬಿಡೋಣ ಅಂತ ಏಪ್ರಿಲ್ ತಿಂಗಳ ಒಂದು ಭಾನುವಾರ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಂಡೆವು. ಬೇಲೂರು ಮುಗಿಸಿ ಹಳೇಬೀಡಿಗೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಚಪ್ಪಲಿ ಹೊರಗೆ ಬಿಡಬೇಕಲ್ಲ, ಹೊಯ್ಸಳೇಶ್ವರನ ಗುಡಿ ಸುತ್ತ ಜಗತಿ ಅಂತ ಅಗಲವಾದ ಕಲ್ಲಿನ ಕಟ್ಟೆ ಇದೆ, ಅದು ಬಿಸಿಲಿಗೆ ಕಾದ ಕಾವಲಿ ತರ ಆಗಿತ್ತು. ಮಗಳು ನಾಲ್ಕು ಹೆಜ್ಜೆ ಇಟ್ಟು ಜೋರಾಗಿ ಅಳೋಕೆ ಶುರು ಮಾಡಿದಳು. ಎತ್ತಿಕೊಂಡು ನೆರಳಿಗೆ ಓಡಿ ಅಂಗಾಲು ನೋಡಿದರೆ ಕೆಂಪಗಾಗಿತ್ತು. ಬಾಟಲಿ ನೀರನ್ನೆಲ್ಲ ಅವಳ ಕಾಲಿಗೆ ಸುರಿದೆ. ಶ್ರವಣಬೆಳಗೊಳ ಬಿಟ್ಟು ಮನೆಗೆ ಬಂದೆವು. ರಾತ್ರಿ ಚಿಕ್ಕವನಿಗೆ ಜ್ವರ.

ಮಾರನೇ ದಿನ ಪಕ್ಕದ ಮನೆ ಅಜ್ಜಿ ಮಜ್ಜಿಗೆ ತಂದುಕೊಟ್ಟು ಎಲ್ಲ ಕೇಳಿಸಿಕೊಂಡರು. "ಯಾಕಪ್ಪಾ, ದೇವಸ್ಥಾನ ಎಲ್ಲಾದ್ರೂ ಓಡೋಯ್ತವಾ? ಒಂದು ದಿನಕ್ಕೆ ಒಂದು ಊರು ಸಾಕು. ಹೊತ್ತಾರೆ ಹೋಗಿ, ಬಿಸಿಲೇರೋ ಹೊತ್ಗೆ ಮನೇಲಿರಿ" ಅಂದರು. ಅವತ್ತಿಂದ ನಮ್ಮ ಮನೆಯಲ್ಲಿ ಅದೇ ಕಾನೂನು.

ಮತ್ತೆ ಹಳೇಬೀಡಿಗೆ ಹೋಗಿದ್ದು ಆ ವರ್ಷ ನವೆಂಬರ್‌ನಲ್ಲಿ. ಬರೀ ಹಳೇಬೀಡು. ನಮ್ಮ ಮನೆಯಿಂದ 30 ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದೆವು. ಮಕ್ಕಳಿಬ್ಬರಿಗೂ ದಪ್ಪ ಸಾಕ್ಸ್ ಹಾಕಿಸಿದ್ದೆ. ಈ ಸಲ ನಾವು ಏನನ್ನೂ ತೋರಿಸೋಕೆ ಹೋಗಲಿಲ್ಲ. ಮಗಳು ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕೂತರೆ ಗೋಡೆಯ ಬುಡದ ಆನೆ ಸಾಲು ಅವಳ ಕಣ್ಣಿಗೆ ನೇರ. ನಾವು ದೊಡ್ಡವರು ತಲೆ ಎತ್ತಿ ಮೇಲಿನ ದೇವರುಗಳನ್ನು ನೋಡುತ್ತಾ ಹೋಗಿಬಿಡುತ್ತೇವೆ, ಬುಡಕ್ಕೆ ಕಣ್ಣು ಹಾಕೋದೇ ಇಲ್ಲ. ಅವಳು ಒಂದೊಂದು ಆನೆ ಹತ್ತಿರ ನಿಂತು "ಇದು ಸೊಂಡಿಲು ಸುತ್ತಿಕೊಂಡಿದೆ, ಇದು ಸಿಟ್ಟಾಗಿದೆ, ಇದರ ಸೊಂಡಿಲು ಯಾರೋ ಮುರಿದಿದ್ದಾರೆ" ಅಂತ ಹೇಳುತ್ತಾ ಮುಂದೆ ಮುಂದೆ ಸರಿದಳು. ನಿಜ, ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ! ಆನೆ ಮೇಲೆ ಸಿಂಹದ ಸಾಲು, ಅದರ ಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಕುದುರೆವರೆಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು, ಗುಡಿಯ ಕಾಲು ಭಾಗ ಕೂಡ ಸುತ್ತಿರಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಮಗೆ ಹಳೇಬೀಡು ಮುಕ್ಕಾಲು ಗಂಟೆ ದಾರಿ. ಉಳಿದದ್ದು ಇನ್ನೊಂದು ಭಾನುವಾರ ಅಂತ ಎದ್ದು ಬಂದೆವು. ಇದುವರೆಗೆ ಐದು ಸಲ ಹೋಗಿದ್ದೇವೆ. ಪ್ರತಿ ಸಲ ಅವಳು ಎಲ್ಲಿ ನಿಂತಿದ್ದಳೋ ಅಲ್ಲಿಂದಲೇ ಶುರು.

ಮಗು ಇನ್ನೂ ಮೂರು ವರ್ಷದ್ದಾದರೆ ಮೊದಲು ದೊಡ್ಡಗದ್ದವಳ್ಳಿಗೆ ಹೋಗಿ. ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು, ಸುಮಾರು 20 ಕಿಲೋಮೀಟರ್. ಕೆರೆ ಪಕ್ಕದಲ್ಲಿ ಒಂದು ಲಕ್ಷ್ಮೀ ಗುಡಿ, ಸುತ್ತ ತೆಂಗಿನ ಮರ. 1114ರ ಸುಮಾರಿಗೆ ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಸೇರಿ ಕಟ್ಟಿಸಿದ್ದು, ಅಂದರೆ ಬೇಲೂರಿಗಿಂತ ಸ್ವಲ್ಪ ಹಳೆಯದು. ರಾಜ ಕಟ್ಟಿಸಿದ್ದಲ್ಲ, ಒಂದು ಸಂಸಾರ ಕಟ್ಟಿಸಿದ್ದು ಅನ್ನೋದು ನನಗೆ ತುಂಬಾ ಇಷ್ಟ. ನಾವು ಹೋದಾಗಲೆಲ್ಲ ಜನ ಕಮ್ಮಿ, ಮಕ್ಕಳು ಆರಾಮಾಗಿ ಓಡಾಡಬಹುದು, ಕೆರೆ ಕಡೆ ಮಾತ್ರ ಒಂದು ಕಣ್ಣಿಟ್ಟಿರಿ. ಒಳಗೆ ನಾಲ್ಕು ಗರ್ಭಗುಡಿ. ಕಾಳಿ ಗುಡಿಯ ಬಾಗಿಲಲ್ಲಿ ಆಚೆಗೊಂದು ಈಚೆಗೊಂದು ಬೇತಾಳ ನಿಂತಿವೆ, ಮೂಳೆ ಚಕ್ಕಳ, ಪಕ್ಕೆಲುಬು ಒಂದೊಂದನ್ನೂ ಎಣಿಸಬಹುದು. ಹೆದರುತ್ತಾನೆ ಅಂತ ನಾನು ಮಗನ ಕಣ್ಣು ಮುಚ್ಚೋಕೆ ಹೋದೆ. ಅವನು ನನ್ನ ಕೈ ಸರಿಸಿ ಎರಡು ನಿಮಿಷ ನೋಡಿದ. ಆಮೇಲೆ ಕೇಳಿದ, "ಅಪ್ಪಾ, ಇವನಿಗೆ ಯಾರೂ ಊಟ ಹಾಕಿಲ್ವಾ?" ಬುತ್ತಿಯಲ್ಲಿ ಚಪಾತಿ ಇತ್ತು, ಅದರಲ್ಲಿ ಒಂದು ತುಂಡು ಬೇತಾಳಕ್ಕೆ ಕೊಡಲೇಬೇಕು ಅಂತ ಹಟ. ಗುಡಿಯಲ್ಲಿ ಇಡೋ ಹಾಗಿಲ್ಲ ಅಂತ ಹೇಳಿ ಹೊರಗೆ ಕಾಗೆಗೆ ಹಾಕಿಸಿದೆವು. ಈಗಲೂ ಊಟ ಬೇಡ ಅಂತ ಹಟ ಹಿಡಿದ ದಿನ ಅವನೇ ಬೇತಾಳದ ವಿಷಯ ತೆಗೆಯುತ್ತಾನೆ.

ಶ್ರವಣಬೆಳಗೊಳಕ್ಕೆ ಆತುರ ಬೇಡ. ಬೆಟ್ಟಕ್ಕೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು, ಮೂರು ವರ್ಷದ ಮಗುವನ್ನು ಅರ್ಧ ದಾರಿ ನೀವೇ ಹೊರಬೇಕಾಗುತ್ತೆ. ಹಿಂದಿನ ಮಹಾಮಸ್ತಕಾಭಿಷೇಕ 2018ರಲ್ಲಿ ಆಗಿದೆ, ಅದು 12 ವರ್ಷಕ್ಕೊಮ್ಮೆ. ಮುಂದಿನದರ ಹೊತ್ತಿಗೆ ನಿಮ್ಮ ಮಗು ನಿಮಗಿಂತ ಮುಂದೆ ಹತ್ತುತ್ತೆ ಬಿಡಿ. ಶೆಟ್ಟಿಹಳ್ಳಿ ಚರ್ಚ್ ಫೋಟೋ ನೀವೂ ನೋಡಿರಬಹುದು, ಹೇಮಾವತಿ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತಲ್ಲ, ಅದು. ನೋಡೋಕೆ ಚೆನ್ನ, ಆದರೆ ಗೋಡೆಗಳು ಹಳೆಯವು, ಅಲ್ಲಲ್ಲಿ ಕುಸಿದಿವೆ. ಮಕ್ಕಳನ್ನು ಗೋಡೆ ಬುಡಕ್ಕೆ ಬಿಡಬೇಡಿ, ದೂರದಿಂದಲೇ ಸಾಕು.

ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ರೈಲು. ಹಾಸನದಿಂದ ಹಗಲು ಹೊತ್ತು ಮಂಗಳೂರು ಕಡೆ ಹೋಗೋ ಗಾಡಿ ಹತ್ತಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ಗೆ ಹೋದೆವು. ಸಕಲೇಶಪುರ ದಾಟಿದ ಮೇಲೆ ಘಾಟಿ ಶುರು, ಒಟ್ಟು 57 ಸುರಂಗ. ಗಾಡಿ ನಿಧಾನವಾಗಿ ಇಳಿಯುತ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಬರೀ ಕಾಡು. ಮಗಳು ಕೈಯಲ್ಲಿ ಪೆನ್ಸಿಲ್ ಹಿಡಿದು ಸುರಂಗ ಬಂದಾಗಲೆಲ್ಲ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಒಳಗೆ ನುಗ್ಗಿದ ಕೂಡಲೇ ಇಡೀ ಬೋಗಿಯ ಮಕ್ಕಳು ಒಟ್ಟಿಗೆ ಕೂಗೋದು, ಬೆಳಕು ಬಂದ ಕೂಡಲೇ ಗಪ್‌ಚುಪ್. ಮೂವತ್ತೊಂದನೇ ಗೆರೆ ಎಳೆದು ನಿದ್ದೆ ಹೋದಳು. ಉಳಿದದ್ದನ್ನು ಎದುರು ಸೀಟಿನಲ್ಲಿ ಕೂತಿದ್ದ ಮಂಗಳೂರಿನ ಅಮ್ಮ ಒಬ್ಬರು ಎಳೆದು ಕೊಟ್ಟರು! ಸ್ಟೇಷನ್‌ನಿಂದ ಕುಕ್ಕೆಗೆ ಸುಮಾರು 12 ಕಿಲೋಮೀಟರ್ ಇದೆ, ರಾತ್ರಿ ಅಲ್ಲೇ ಉಳಿದು ದರ್ಶನ ಮಾಡಿಕೊಂಡು ಮಾರನೇ ದಿನ ಬಸ್ಸಿನಲ್ಲಿ ವಾಪಸ್. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ, ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿ ನಿಂತುಬಿಡುತ್ತೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಆಚೆಗೆ ಹೊರಡಿ.

ಆದರೆ ನೀವು ಭಾನುವಾರದ ಚಿಂತೆ ಮಾಡುತ್ತಿದ್ದೀರಿ. ನನ್ನ ಕೇಳಿದರೆ ಈ ಊರು ನಮ್ಮನ್ನು ಹಿಡಿದುಕೊಂಡಿದ್ದು ವಾರದ ಉಳಿದ ದಿನಗಳಲ್ಲಿ. ಬೆಂಗಳೂರಲ್ಲಿ ಹೆಂಡತಿ ಮನೆಗೆ ಬರುವಾಗ ಚಿಕ್ಕವನು ಮಲಗಿರುತ್ತಿದ್ದ. ಇಲ್ಲಿ ಬ್ಯಾಂಕಿನಿಂದ ಮನೆಗೆ ಹತ್ತು ನಿಮಿಷ. ಸಂಜೆ ನಾಲ್ವರೂ ಕಟ್ಟಿನಕೆರೆ ಮಾರುಕಟ್ಟೆಗೆ ನಡೆದುಕೊಂಡೇ ಹೋಗುತ್ತೇವೆ. ಸೊಪ್ಪಿನ ಅಕ್ಕನಿಗೆ ಮಗನ ಹೆಸರು ಗೊತ್ತು, ಅವನಿಗೆ ಅಂತ ಒಂದು ಕ್ಯಾರೆಟ್ ಎತ್ತಿಟ್ಟಿರುತ್ತಾರೆ.

ಡಿಸೆಂಬರ್ ಬಂದರೆ ಅವರೆಕಾಯಿ. ಸೊಗಡಿನ ಕಾಯಿ ತಂದು ಸುಲಿದು ಕಾಳು ನೀರಲ್ಲಿ ನೆನೆಸಿಟ್ಟರೆ, ರಾತ್ರಿ ಅಜ್ಜಿ, ನಾವು, ಮೇಲಿನ ಮನೆಯವರು ಎಲ್ಲ ಜಗುಲಿಯಲ್ಲಿ ಕೂತು ಹಿತುಕೋದು. ಮಗ ಎರಡು ಬೆರಳಲ್ಲಿ ಕಾಳು ಹಿಡಿದು ಒತ್ತಿದರೆ ಬೇಳೆ ಪಟಕ್ಕಂತ ಹಾರಿ ಅಜ್ಜಿ ಕನ್ನಡಕಕ್ಕೆ ಬಡಿಯುತ್ತೆ. "ಮೆಲ್ಲಗೆ ಮಗಾ, ಅದುಕ್ಕೂ ನೋವಾಯ್ತದೆ" ಅಂತಾರೆ ಅವರು. ಬೆರಳೆಲ್ಲ ಮುದುರಿ, ಮಾರನೇ ದಿನವೂ ಕೈ ತುಂಬಾ ಸೊಗಡಿನ ವಾಸನೆ. ಆ ಹಿತುಕಿದ ಬೇಳೆ ಸಾರಿನ ಜೊತೆ ಅಕ್ಕಿ ರೊಟ್ಟಿ ಇದ್ದರೆ ಮಕ್ಕಳು ಬೇರೇನೂ ಕೇಳಲ್ಲ. ಮಗಳು ಹುಟ್ಟಿದ ನಾಲ್ಕು ವರ್ಷದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಮಗೆ ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ. ನಿಮ್ಮ ಮಗುವಿಗೆ ನಿಜವಾಗಿ ಬೇಕಾಗೋದು ಇಂಥ ಜಗುಲಿ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ಬಾಡಿಗೆ ಮನೆ ಹುಡುಕುವಾಗ ಒಂಟಿ ಮನೆ, ಹೊಸ ಬಡಾವಣೆಯ ಕೊನೆ ಸೈಟು ಅಂತ ಹೋಗಬೇಡಿ. ಸಂಜೆ ಐದಕ್ಕೆ ಆ ಬೀದಿಗೆ ಹೋಗಿ ನಿಂತು ನೋಡಿ, ಮಕ್ಕಳು ಹೊರಗೆ ಆಡುತ್ತಿದ್ದರೆ ಮಾತ್ರ ಅಡ್ವಾನ್ಸ್ ಕೊಡಿ. ಮಕ್ಕಳ ಡಾಕ್ಟರ್ ಯಾರು ಅಂತಲೂ ಅದೇ ಬೀದಿಯಲ್ಲಿ ಕೇಳಿಟ್ಟುಕೊಳ್ಳಿ, ಜ್ವರ ಬಂದ ರಾತ್ರಿ ಹುಡುಕೋಕೆ ಹೊರಟರೆ ಕಷ್ಟ.

ಹಾಸನಾಂಬೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ಗುಡಿ ಬಾಗಿಲು ತೆಗೆದರೆ ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತಾರೆ, ಆಮೇಲೆ ಇನ್ನೊಂದು ವರ್ಷದವರೆಗೆ ಇಲ್ಲ. ಹಚ್ಚಿಟ್ಟ ದೀಪ ವರ್ಷವಿಡೀ ಉರಿಯುತ್ತಿರುತ್ತೆ ಅನ್ನೋದು ಇಲ್ಲಿನವರ ನಂಬಿಕೆ. ಆ ದಿನಗಳಲ್ಲಿ ಊರು ತುಂಬಿ ತುಳುಕುತ್ತೆ, ನೆಂಟರೆಲ್ಲ ನಿಮ್ಮ ಮನೆಗೇ ಬಂದಿಳಿಯುತ್ತಾರೆ, ಅದೂ ಒಂದು ಸಂತೋಷವೇ. ಆದರೆ ಮಗುವನ್ನು ಎತ್ತಿಕೊಂಡು ಹಗಲಿನ ಧರ್ಮದರ್ಶನದ ಸಾಲಲ್ಲಿ ನಿಲ್ಲಬೇಡಿ, ಗಂಟೆಗಟ್ಟಲೆ ಆಗುತ್ತೆ. ನಾವಿಬ್ಬರೂ ಸರದಿ ಮೇಲೆ ಹೋಗುತ್ತೇವೆ. ಒಬ್ಬರು ಬೆಳಗಿನ ಜಾವ ಹೋಗಿ ಬಂದರೆ ಇನ್ನೊಬ್ಬರು ಮಾರನೇ ದಿನ. ಮಕ್ಕಳಿಗೆ ಪ್ರಸಾದ ಮನೆಗೇ ಬರುತ್ತೆ.

ಇನ್ನು ಚಳಿ. ಹಾಸನಕ್ಕೆ ಬಡವರ ಊಟಿ ಅಂತ ಸುಮ್ನೆ ಹೇಳಲ್ಲ, ಊರು ಇರೋದೇ 3000 ಅಡಿಗೂ ಸ್ವಲ್ಪ ಮೇಲೆ. ಡಿಸೆಂಬರ್, ಜನವರಿ ಬೆಳಿಗ್ಗೆ ಮಗುವಿಗೆ ಸ್ವೆಟರ್, ಕುಲಾವಿ ಎರಡೂ ಬೇಕು. ಅದಕ್ಕಿಂತ ಜಾಸ್ತಿ ತೊಂದರೆ ಕೊಡೋದು ಜೂನ್‌ನಿಂದ ಆಗಸ್ಟ್, ಜಿಟಿಜಿಟಿ ಮಳೆ ಹಿಡಿದರೆ ಮಕ್ಕಳ ಬಟ್ಟೆ ಮೂರು ದಿನ ಆದರೂ ಒಣಗಲ್ಲ. ಮನೆ ನೋಡುವಾಗ ಒಳಗೆ ಹಗ್ಗ ಕಟ್ಟೋಕೆ ಜಾಗ ಇದೆಯಾ ನೋಡಿಕೊಳ್ಳಿ. ಚಡ್ಡಿ, ಬನಿಯನ್ನು ಮಾತ್ರ ಒಂದು ಡಜನ್ ಜಾಸ್ತಿನೇ ತನ್ನಿ.