ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸ

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಾನು ಬ್ಯಾಂಕಿನ ನೌಕರಿಯಿಂದ ನಿವೃತ್ತನಾದವನು, ನಮ್ಮ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ. ಈಚೆಗೆ ದೃಢೀಕರಣ ಹೊಂದಿ ಸಭೆಯ ಪೂರ್ಣ ಸದಸ್ಯನಾದ ಯುವಕನೊಬ್ಬ, “ಅಂಕಲ್, ನನಗೆ ಪ್ರಾರ್ಥನೆ ಮಾಡೋಕೆ ಬರಲ್ಲ, ಕಲಿಸ್ತೀರಾ?” ಎಂದು ಕೇಳಿದ. ದೇವಶಾಸ್ತ್ರ ಓದದ ನಾನು ಒಬ್ಬನನ್ನು ಆತ್ಮಿಕವಾಗಿ ಬೆಳೆಸಬಲ್ಲೆನೆ? ಯಾವ ಪಾಠಕ್ರಮ ಅನುಸರಿಸಲಿ? ಹಿಂದೆ ಇನ್ನೊಬ್ಬ ಹುಡುಗ ಕುಡಿದದ್ದು ತಿಳಿದು ಗದರಿಸಿದ್ದೆ. ಅವನು ದೇವಾಲಯಕ್ಕೆ ಬರುವುದನ್ನೇ ಬಿಟ್ಟ. ಆ ಅಳುಕು ಇನ್ನೂ ಹೋಗಿಲ್ಲ.’

ಪ್ರಿಯ ಸಹೋದರರೇ,

ನಿಮ್ಮ ಮೊದಲ ಪ್ರಶ್ನೆಗೆ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲೇ ಉತ್ತರವಿದೆ. ಅಲೆಕ್ಸಾಂದ್ರಿಯದ ಅಪೊಲ್ಲೋಸನು ವಾಕ್ಚತುರನು, ಶಾಸ್ತ್ರಗಳಲ್ಲಿ ನುರಿತವನು. ಆದರೂ ಅವನಿಗೆ, ಯೇಸುವಿಗೆ ದಾರಿ ಸಿದ್ಧಮಾಡಿದ ಯೋಹಾನನ ದೀಕ್ಷಾಸ್ನಾನದ ಆಚೆಗಿನದು ತಿಳಿದಿರಲಿಲ್ಲ. ಅದನ್ನು ಗುರುತಿಸಿದವರು ಗುಡಾರ ಹೊಲಿದು ಬದುಕುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ. ಅವರು ಸಭಾಮಂದಿರದಲ್ಲಿ ಎದ್ದು ನಿಂತು ಅವನನ್ನು ತಿದ್ದಲಿಲ್ಲ; ಬೇರೆಯಾಗಿ ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದರು. ಪಂಡಿತನೊಬ್ಬನನ್ನು ಇಬ್ಬರು ಕಸುಬುದಾರರು ಬೆಳೆಸಿದ ಸಂಗತಿ ಇದು. ನಿಮ್ಮ ಬ್ಯಾಂಕಿನ ನೌಕರಿ ಅಡ್ಡಿಯಾಗಲಾರದು.

ಪಾಠಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ವಾರಕ್ಕೊಂದು ಅಧ್ಯಾಯವನ್ನು ಇಬ್ಬರೂ ಸರದಿಯ ಮೇಲೆ ಗಟ್ಟಿಯಾಗಿ ಓದಿ, ಅರ್ಥವಾಗದ್ದನ್ನು ಅರ್ಥವಾಗಲಿಲ್ಲವೆಂದೇ ಹೇಳಿಕೊಂಡು, ಕೊನೆಗೆ ಓದಿದ್ದರಲ್ಲಿ ಒಂದೇ ಒಂದು ವಾಕ್ಯವನ್ನು ಹಿಡಿದು ಪ್ರಾರ್ಥಿಸಿದರೆ ನಾಲ್ಕು ತಿಂಗಳು ಸಾಗುತ್ತದೆ. ಮೊದಲ ಕೆಲವು ವಾರ ನೀವೇ ಪ್ರಾರ್ಥಿಸಿ, ಚಿಕ್ಕದಾಗಿ, ಮನೆಮಾತಿನಲ್ಲಿ. ಉಪವಾಸ ಪ್ರಾರ್ಥನೆಗಳಲ್ಲಿ ನಾವು ಬಳಸುವ ಉದ್ದುದ್ದ ವಾಕ್ಯಗಳನ್ನು ಕೇಳಿಯೇ ಎಷ್ಟೋ ಮಕ್ಕಳು ‘ನನಗೆ ಬರಲ್ಲ’ ಎಂದುಕೊಂಡಿದ್ದಾರೆ ಎಂಬುದು ನನ್ನ ಗುಮಾನಿ.

ಆದರೆ ಒಬ್ಬನು ಬೆಳೆಯುವುದು ಆ ಒಂದು ಗಂಟೆಯಲ್ಲಿ ಮಾತ್ರ ಅಲ್ಲ. ನನ್ನನ್ನು ಬೆಳೆಸಿದ ಸಭಾಹಿರಿಯರೊಬ್ಬರು ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸಲು ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಒಂದು ಭಾನುವಾರ, ಮೊದಲು ಎಣಿಸಿ ಬರೆದಿಟ್ಟ ಮೊತ್ತಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆವು. ನಾನು ಜೇಬಿಗೆ ಕೈ ಹಾಕಿದೆ. ಅವರು ತಡೆದು, ‘ಎಣಿಕೆಯಲ್ಲಿ ನನ್ನಿಂದ ತಪ್ಪಾಗಿದೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಮೊದಲು ಎಣಿಸಿದ್ದವನು ನಾನು. ಮನೆಗೆ ಹೋಗುವ ದಾರಿಯಲ್ಲಿ ಅವರು ಅದರ ಮಾತೇ ಎತ್ತಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರುವುದೆಂದರೇನು ಎಂಬುದರ ಮೇಲೆ ಅಷ್ಟರಲ್ಲಿ ಹಲವು ಪ್ರಸಂಗ ಕೇಳಿದ್ದೆ; ಅದು ನನಗೆ ತಾಗಿದ್ದು ಆ ಪುಸ್ತಕದ ಸಾಲಿನಲ್ಲಿ.

ಈಗ ನಿಮ್ಮ ಅಳುಕಿಗೆ ಬರುತ್ತೇನೆ. ಅದೇ ಅಪೊಸ್ತಲರ ಕೃತ್ಯಗಳಲ್ಲಿ, ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಅರ್ಧದಾರಿಗೆ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡವೆಂದು ಪೌಲ, ಬೇಕೆಂದು ಬಾರ್ನಬ. ಇಬ್ಬರೂ ತೀಕ್ಷ್ಣವಾಗಿ ವಾದಿಸಿ ಬೇರೆಯಾದರು. ಮಾರ್ಕನು ಬಾರ್ನಬನ ಸಂಬಂಧಿಕ, ಪಕ್ಷಪಾತವೂ ಸ್ವಲ್ಪ ಇತ್ತೆಂದೇ ಇಟ್ಟುಕೊಳ್ಳಿ. ಹಾಗಿದ್ದರೂ, ಸೋತವನನ್ನು ಕರೆದುಕೊಂಡು ಕುಪ್ರದ್ವೀಪದ ಹಡಗು ಹತ್ತಿದವನು ಬಾರ್ನಬ. ಮುಂದೆ ಸೆರೆಮನೆಯಿಂದ ತಿಮೊಥೆಯನಿಗೆ ಬರೆಯುವಾಗ ಅದೇ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎನ್ನುತ್ತಾನೆ. ನಡುವಿನ ವರ್ಷಗಳಲ್ಲಿ ಬಾರ್ನಬ ಏನು ಮಾಡಿದನೆಂದು ಆ ಪುಸ್ತಕ ಬರೆದ ಲೂಕನು ಬರೆದಿಲ್ಲ. ಈ ಕೆಲಸದ ಬಹುಪಾಲು ಹೀಗೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ.

ಬಾರ್ನಬನಲ್ಲಿ ಇನ್ನೊಂದು ಗುಣವಿತ್ತು. ಎಲ್ಲರೂ ಹೆದರಿ ದೂರವಿಟ್ಟಿದ್ದ ಸೌಲನನ್ನು, ಅಂದರೆ ಇದೇ ಪೌಲನನ್ನು, ಅಪೊಸ್ತಲರ ಬಳಿಗೆ ಕರೆತಂದವನು ಅವನೇ, ಆಮೇಲೆ ತಾರ್ಸಕ್ಕೆ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆದುಕೊಂಡು ಬಂದವನೂ ಅವನೇ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದ ಆರಂಭದಲ್ಲಿ ‘ಬಾರ್ನಬ ಮತ್ತು ಸೌಲ’ ಎಂದಿದ್ದದ್ದು ಅಧ್ಯಾಯ ಮುಗಿಯುವುದರೊಳಗೆ ‘ಪೌಲ ಮತ್ತು ಬಾರ್ನಬ’ ಆಗುತ್ತದೆ. ಆ ಅದಲುಬದಲಿಗೆ ಬಾರ್ನಬ ಗೊಣಗಿದ ಸುದ್ದಿ ಎಲ್ಲಿಯೂ ಇಲ್ಲ. ನಮ್ಮ ನಾಡಿನಲ್ಲೂ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗರ ಆಶ್ರಯದಲ್ಲಿ 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ ಬಂದದ್ದು ಮೊಗ್ಲಿಂಗರ ಸಹಾಯಕನ ಹುದ್ದೆಗಲ್ಲ, ಸಮಾನ ಮಿಷನರಿಯಾಗಿ. ನೀವು ಕಲಿಸಿದ ಹುಡುಗ ನಾಳೆ ನಿಮಗಿಂತ ಚೆನ್ನಾಗಿ ಪ್ರಾರ್ಥಿಸಿದಾಗ ಒಳಗೆ ಏನೋ ಚುಚ್ಚಿದರೆ ಅದನ್ನು ದೇವರ ಮುಂದೆ ಒಪ್ಪಿಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆತ್ಮಿಕ ಹಿರಿತನವು ಅಧಿಕಾರವಾಗಿ ತಿರುಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಅವನು ಯಾರನ್ನು ಮದುವೆಯಾಗಬೇಕು, ಯಾವ ಕೆಲಸ ಹಿಡಿಯಬೇಕು ಎಂದು ತೀರ್ಮಾನಿಸುವುದು ನಿಮ್ಮ ಪಾಲಿಗೆ ಬಂದ ಕೆಲಸವಲ್ಲ. ‘ದೇವರು ನನಗೆ ನಿನ್ನ ವಿಷಯ ತೋರಿಸಿದರು’ ಎಂಬ ಮಾತನ್ನು ಅವನ ಮೇಲೆ ಎಂದೂ ಪ್ರಯೋಗಿಸಬೇಡಿ. ನೀವು ಭೇಟಿಯಾಗುವ ಸಂಗತಿ ಅವನ ತಂದೆತಾಯಿಗೂ ಸಭಾಪಾಲಕರಿಗೂ ತಿಳಿದಿರಲಿ, ಕುಳಿತುಕೊಳ್ಳುವ ಜಾಗ ನಾಲ್ಕು ಜನ ಓಡಾಡುವಲ್ಲಿರಲಿ. ಹುಡುಗಿಯರು ಹೀಗೆ ಕೇಳಿ ಬಂದರೆ, ಪೌಲನು ತೀತನಿಗೆ ಬರೆದ ಪತ್ರಿಕೆ ಸೂಚಿಸುವಂತೆ, ಸ್ತ್ರೀಸಮಾಜದ ಹಿರಿಯ ತಾಯಂದಿರ ಬಳಿಗೆ ಕಳುಹಿಸಿ.

ಹೊಸ ಹುಡುಗನೊಂದಿಗೆ ಮಾರ್ಕನ ಮೊದಲನೆಯ ಅಧ್ಯಾಯ ತೆರೆಯುವ ಮುಂಚೆ, ಬರುವುದನ್ನು ಬಿಟ್ಟ ಆ ಹಳೆಯ ಹುಡುಗನ ಮನೆಗೆ ಒಮ್ಮೆ ಹೋಗಿ ಬನ್ನಿ. ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು ಹೋಗುವುದು ಬೇಡ. ‘ಅವತ್ತು ನಾನು ಗದರಿಸಬಾರದಿತ್ತು ಕಣಪ್ಪಾ’ ಎಂದಿಷ್ಟು ಹೇಳಿ, ಅವರು ಚಹಾ ಕೊಟ್ಟರೆ ಕುಡಿದು ಬನ್ನಿ. ದೇವಾಲಯಕ್ಕೆ ಯಾವಾಗ ಬರುತ್ತೀ ಎಂದು ಮಾತ್ರ ಕೇಳಬೇಡಿ.

– ಸಂಪಾದಕ