‘ಏನು ಮಾಡಿದೆ?’ ಎಂಬುದರಿಂದ ‘ನೀನು ಎಂಥವನು?’ ಎಂಬುದಕ್ಕೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ‘ಹೋಮೋಸೆಕ್ಷುಯಲ್ (ಸಲಿಂಗಾಸಕ್ತ) ಎಂಬ ಕಲ್ಪನೆ 19ನೇ ಶತಮಾನದ ಮನೋವೈದ್ಯರ ಸೃಷ್ಟಿ’ ಎಂದು ತರಗತಿಯಲ್ಲಿ ಹೇಳಿದರು. ಅದಕ್ಕೂ ಮೊದಲು ಅಂಥವರು ಇರಲಿಲ್ಲವೇ? (ಧಾರವಾಡ)

ಉತ್ತರ: ಇದ್ದೇ ಇದ್ದರು. ಯುರೋಪಿನಲ್ಲಿ ಬದಲಾದದ್ದು ಅವರನ್ನು ಕೇಳುವ ಪ್ರಶ್ನೆ. ಪಾದ್ರಿ ಮತ್ತು ನ್ಯಾಯಾಧೀಶ ಕೇಳುತ್ತಿದ್ದುದು ‘ಏನು ಮಾಡಿದೆ?’ ಎಂದು. ಪಾಪವಾದರೆ ಪ್ರಾಯಶ್ಚಿತ್ತ, ಅಪರಾಧವಾದರೆ ಶಿಕ್ಷೆ. ಮನೋವೈದ್ಯರು ಬಂದ ಮೇಲೆ ‘ನೀನು ಎಂಥವನು? ಯಾವ ವಯಸ್ಸಿನಿಂದ ಹೀಗೆ? ಕನಸಿನಲ್ಲಿ ಯಾರು ಬರುತ್ತಾರೆ?’ ಎಂಬ ಪ್ರಶ್ನೆಗಳು ಶುರುವಾದವು. ಇಂದು ನಾವು ‘ಲೈಂಗಿಕ ಒಲವು’ ಎನ್ನುವುದು ಈ ಪ್ರಶ್ನೆಗಳಿಂದ ಬೆಳೆದು ಬಂದದ್ದು.

ಆದರೆ ನಿಮ್ಮ ತರಗತಿಯ ಮಾತಿಗೆ ಒಂದು ತಿದ್ದುಪಡಿ ಬೇಕು. ಆ ಪದ ವೈದ್ಯರದ್ದಲ್ಲ. ಹ್ಯಾನೋವರ್ ಪ್ರಾಂತ್ಯದ ಕಾನೂನು ಪಂಡಿತ ಕಾರ್ಲ್ ಹೈನ್ರಿಷ್ ಉಲ್ರಿಕ್ಸ್ ಸ್ವತಃ ಪುರುಷರನ್ನು ಪ್ರೀತಿಸುತ್ತಿದ್ದವರು. ತಮ್ಮಂಥವರಿಗೆ ‘ಉರ್ನಿಂಗ್’ ಎಂಬ ಹೆಸರನ್ನು ಅವರು 1864ರಲ್ಲೇ ಕೊಟ್ಟಿದ್ದರು. 1867ರಲ್ಲಿ ಮ್ಯೂನಿಕ್‌ನ ನ್ಯಾಯವಾದಿಗಳ ಸಮ್ಮೇಳನದಲ್ಲಿ, ಗಂಡಸರ ನಡುವಿನ ಸಂಬಂಧಕ್ಕೆ ಶಿಕ್ಷೆ ಕೊಡುವುದು ತಪ್ಪು ಎಂದು ಎದ್ದು ನಿಂತು ಹೇಳಲು ಹೋದಾಗ ಸಭೆ ಕೂಗಾಡಿ ಅವರ ಬಾಯಿ ಮುಚ್ಚಿಸಿತು. ಹಂಗೇರಿ ಮೂಲದ ಲೇಖಕ ಕಾರ್ಲ್ ಮಾರಿಯಾ ಕೆರ್ಟ್‌ಬೆನಿ 1868ರಲ್ಲಿ ಉಲ್ರಿಕ್ಸ್‌ಗೆ ಬರೆದ ಪತ್ರದಲ್ಲಿ ಹೋಮೋಸೆಕ್ಷುಯಲ್, ಹೆಟೆರೋಸೆಕ್ಷುಯಲ್ (ಭಿನ್ನಲಿಂಗಾಸಕ್ತ) ಎಂಬ ಎರಡೂ ಪದಗಳಿವೆ. ಮರುವರ್ಷ, ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಇಂಥ ಶಿಕ್ಷೆಯ ಕಾನೂನನ್ನು ವಿರೋಧಿಸಿ ಹೆಸರು ಹಾಕದೆ ಹೊರತಂದ ಕಿರುಹೊತ್ತಗೆಯಲ್ಲಿ ಮೊದಲನೆಯದು ಅಚ್ಚಾಯಿತು. ಹೀಗೆ ಹಕ್ಕು ಕೇಳಲು ಹುಟ್ಟಿದ ಪದವನ್ನು ವೈದ್ಯರು ಎತ್ತಿಕೊಂಡು ರೋಗದ ಹೆಸರಾಗಿಸಿದರು. ಈ ಕ್ರಮವನ್ನು ಉತ್ತರ ಪತ್ರಿಕೆಯಲ್ಲಿ ತಪ್ಪದೆ ಬರೆಯಿರಿ. ಬಹಳ ಜನ ತಿರುವುಮುರುವು ಮಾಡುವುದು ಇಲ್ಲೇ.

ವೈದ್ಯರ ಸಾಲಿನಲ್ಲಿ ಮೊದಲಿಗೆ ಬರುವವರು ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಕಾರ್ಲ್ ವೆಸ್ಟ್‌ಫಾಲ್. 1869–70ರಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು, ಹೀಗೆ ಎರಡೇ ಪ್ರಕರಣಗಳನ್ನಿಟ್ಟುಕೊಂಡು ‘ವಿಪರೀತ ಲೈಂಗಿಕ ಭಾವನೆ’ ಎಂಬ ಸ್ಥಿತಿಯನ್ನು ವಿವರಿಸಿದರು. ಗಮನಿಸಿ: ಅವರ ಮಾತು ಕೃತ್ಯದ ಬಗ್ಗೆ ಅಲ್ಲ, ಭಾವನೆಯ ಬಗ್ಗೆ. ಅದನ್ನು ದೊಡ್ಡ ಶಾಸ್ತ್ರವಾಗಿ ಕಟ್ಟಿದವರು ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ (1840–1902). ಆಸ್ಟ್ರಿಯಾದ ಗ್ರಾಜ್‌ನಲ್ಲಿ, ಆಮೇಲೆ 1889ರಿಂದ ವಿಯೆನ್ನಾದಲ್ಲಿ ಪ್ರಾಧ್ಯಾಪಕರು. ಕೋರ್ಟುಗಳಿಗೆ ತಜ್ಞ ಸಾಕ್ಷಿ. 1886ರಲ್ಲಿ ಬಂದ ಅವರ ‘ಸೈಕೋಪಾಥಿಯಾ ಸೆಕ್ಷುವಾಲಿಸ್’ ವೈದ್ಯರಿಗೆ, ವಕೀಲರಿಗೆ ಬರೆದದ್ದು. ಸಾಮಾನ್ಯರು ಓದಬಾರದೆಂದು ಸೂಕ್ಷ್ಮ ವಿವರಗಳನ್ನು ಲ್ಯಾಟಿನ್‌ನಲ್ಲಿಟ್ಟರು. ಮೊದಲ ಆವೃತ್ತಿಯಲ್ಲಿ 45 ಪ್ರಕರಣಗಳು. ಅವರು ತೀರಿಕೊಂಡ ಮರುವರ್ಷ ಬಂದ 12ನೆಯದರಲ್ಲಿ 238.

ಈ 45 ಹೇಗೆ 238 ಆಯಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಪುಸ್ತಕ ಓದಿದ ಗೃಹಸ್ಥರು ‘ಇದು ನನ್ನದೇ ಕಥೆ’ ಎಂದು ಲೇಖಕರಿಗೆ ಪುಟಗಟ್ಟಲೆ ಪತ್ರ ಬರೆದರು. ಆ ಪತ್ರಗಳು ಮುಂದಿನ ಆವೃತ್ತಿಯಲ್ಲಿ ಅಚ್ಚಾದವು. ಅವನ್ನು ಓದಿ ಇನ್ನಷ್ಟು ಜನ ಬರೆದರು. ವೈದ್ಯರು ಹೆಸರು ಕೊಟ್ಟರು ನಿಜ, ಒಳಗಿನ ಬದುಕನ್ನು ತುಂಬಿಕೊಟ್ಟವರು ರೋಗಿಗಳೇ. ಅವರಲ್ಲಿ ಹಲವರು ‘ನಾನು ರೋಗಿಯಲ್ಲ, ನನ್ನನ್ನು ಕೊಲ್ಲುತ್ತಿರುವುದು ಕಾನೂನಿನ ಭಯ’ ಎಂಬರ್ಥದಲ್ಲೇ ಬರೆದಿದ್ದರು. ಅದು ವ್ಯರ್ಥವಾಗಲಿಲ್ಲ. ಬರ್ಲಿನ್‌ನಲ್ಲಿ ಮಾಗ್ನಸ್ ಹಿರ್ಷ್‌ಫೆಲ್ಡ್ 1897ರಲ್ಲಿ ಗಂಡಸರ ನಡುವಿನ ಸಂಬಂಧವನ್ನು ಅಪರಾಧವಾಗಿಸಿದ್ದ ಜರ್ಮನ್ ದಂಡಸಂಹಿತೆಯ 175ನೇ ಕಲಮಿನ ವಿರುದ್ಧ ಶುರುಮಾಡಿದ ಅರ್ಜಿಗೆ ಕ್ರಾಫ್ಟ್-ಎಬಿಂಗ್ ಸಹಿ ಹಾಕಿದರು. 1901ರ ಲೇಖನವೊಂದರಲ್ಲಿ, ಇದು ರೋಗ ಎಂಬ ತಮ್ಮ ಹಳೆಯ ತೀರ್ಮಾನವನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡರು. ಆದರೆ ಲೋಕದ ಕೈಯಲ್ಲಿ ಉಳಿದದ್ದು ಪುಸ್ತಕ, ಆ ಲೇಖನವಲ್ಲ.

ಪ್ರಶ್ನೆ: ಆ ಕಾಲದ ಕೇಸ್ ಹಿಸ್ಟರಿಗಳ ಇಂಗ್ಲಿಷ್ ಅನುವಾದ ಸಿಕ್ಕಿದೆ. ಎಷ್ಟು ನಂಬಬಹುದು? ಹೇಗೆ ಓದಬೇಕು? (ಮೈಸೂರು)

ಉತ್ತರ: ಕ್ರಾಫ್ಟ್-ಎಬಿಂಗ್ ಅವರ ಪುಸ್ತಕವಾದರೆ ಮೊದಲು ಯಾವ ಆವೃತ್ತಿಯ ಅನುವಾದ ಎಂದು ನೋಡಿ; ಪ್ರಕರಣಗಳೂ ವಿಂಗಡಣೆಯೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ಆಮೇಲೆ ಒಂದು ಪ್ರಕರಣ ತೆಗೆದುಕೊಂಡು ಪೆನ್ಸಿಲ್ಲಿನಲ್ಲಿ ಭಾಗ ಮಾಡಿ. ಸಾಮಾನ್ಯವಾಗಿ ಮೊದಲಿಗೆ ವಂಶ: ತಾತ ಕುಡುಕ, ಚಿಕ್ಕಮ್ಮನಿಗೆ ಮೂರ್ಛೆರೋಗ. ನಂತರ ಬಾಲ್ಯ, ಹಸ್ತಮೈಥುನ, ಕನಸು, ದೇಹಪರೀಕ್ಷೆ, ಕೊನೆಗೆ ವೈದ್ಯರ ತೀರ್ಮಾನ. ರೋಗಿಯ ಸ್ವಂತ ಮಾತು ಎಲ್ಲಿ ಮುಗಿದು ವೈದ್ಯರ ಮಾತು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಿರಿ. ಮೊದಲನೆಯದು ಇಂದಿಗೂ ಬೆಲೆಯುಳ್ಳ ದಾಖಲೆ. ಎರಡನೆಯದನ್ನು ಅನುಮಾನದಿಂದಲೇ ಓದಬೇಕು.

ವಂಶದ ಸಾಲು ಏಕೆ ಎಂದರೆ, ಫ್ರಾನ್ಸಿನ ಮನೋವೈದ್ಯ ಮೊರೆಲ್ 1857ರಲ್ಲಿ ಮಂಡಿಸಿದ ಸಿದ್ಧಾಂತ ಆಗ ಎಲ್ಲರ ತಲೆಯಲ್ಲಿತ್ತು: ದೋಷ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ವಂಶವೇ ಕ್ಷಯಿಸುತ್ತದೆ ಎಂದು. ಹುಡುಕಿದರೆ ಯಾರ ಮನೆಯಲ್ಲಿ ಒಬ್ಬ ಕುಡುಕ ಸಿಗುವುದಿಲ್ಲ? ಹೋಲಿಸಿ ನೋಡಲು ರೋಗಿಗಳಲ್ಲದವರ ಗುಂಪೇ ಇರಲಿಲ್ಲ. ಆಸ್ಪತ್ರೆಗೂ ಕೋರ್ಟಿಗೂ ಬಂದವರನ್ನು ಮಾತ್ರ ನೋಡಿ ಎಲ್ಲರ ಬಗ್ಗೆ ಬರೆದರು.

ಇನ್ನೊಂದು ದೋಷ ಅಳತೆಗೋಲಿನದು. ಸಂತಾನಕ್ಕೆ ದಾರಿಯಾಗದ ಆಸೆಯೆಲ್ಲ ವಿಕೃತಿ ಎಂಬುದು ಕ್ರಾಫ್ಟ್-ಎಬಿಂಗ್ ಅವರ ಅಳತೆ. ಹಾಗಾಗಿ ಕಾಮದ ಕೊಲೆಗಾರನೂ, ಹೆಂಗಸರ ಕರವಸ್ತ್ರ ಕಂಡರೆ ಉದ್ರೇಕಗೊಳ್ಳುವವನೂ, ಪರಸ್ಪರ ಪ್ರೀತಿಸುವ ಇಬ್ಬರು ಗಂಡಸರೂ ಒಂದೇ ಪುಸ್ತಕದ ಅಕ್ಕಪಕ್ಕದ ಪುಟಗಳಲ್ಲಿದ್ದಾರೆ. ಇನ್ನೊಬ್ಬರ ಒಪ್ಪಿಗೆ ಇದೆಯೇ, ಯಾರಿಗಾದರೂ ಹಾನಿಯಾಯಿತೇ ಎಂಬ ನಮ್ಮ ಇಂದಿನ ಅಳತೆ ಅಲ್ಲಿ ಮುಖ್ಯವಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯ 5ನೇ ಆವೃತ್ತಿ 2013ರಲ್ಲಿ ಅಪರೂಪದ ಆಸಕ್ತಿ ಬೇರೆ, ಸಂಕಟ ಅಥವಾ ಹಾನಿ ತರುವ ಕಾಯಿಲೆ ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿತು.

ಪ್ರಶ್ನೆ: ವಯಸ್ಸು 24. ಮೂತ್ರದಲ್ಲಿ ಬಿಳಿ ಹೋಗುತ್ತದೆ, ಧಾತು ನಷ್ಟವಾಗಿ ಸುಸ್ತು ಎಂದು ಭಯ. ಈ ಭಯ ಆಯುರ್ವೇದದ್ದೋ, ಇಂಗ್ಲಿಷ್ ವೈದ್ಯದ್ದೋ? (ಕಲಬುರಗಿ)

ಉತ್ತರ: ಎರಡರಿಂದಲೂ ಬಂದಿದೆ. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರ ಕೊನೆಯದು, ಉಳಿದವುಗಳ ಸಾರ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ವೈದ್ಯ ಟಿಸೊ ಕೂಡ 1760ರಲ್ಲಿ, ಒಂದು ಔನ್ಸ್ ವೀರ್ಯ ಹೋದರೆ 40 ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿತ್ರಾಣ ಎಂದು ಬರೆದರು. 19ನೇ ಶತಮಾನದ ಹುಚ್ಚಾಸ್ಪತ್ರೆಯ ವೈದ್ಯರು ಒಳಗಿದ್ದವರು ಹಸ್ತಮೈಥುನ ಮಾಡುವುದನ್ನು ಕಂಡು ಅದೇ ಹುಚ್ಚಿಗೆ ಕಾರಣ ಎಂದುಕೊಂಡರು. ಬೀಗ ಹಾಕಿದ ಕೋಣೆಯಲ್ಲಿ ಕೂತವನು ಇನ್ನೇನು ಮಾಡಿಯಾನು ಎಂಬುದು ಹೊಳೆಯಲಿಲ್ಲ.

ಈಗ ಲೆಕ್ಕ. ಒಮ್ಮೆ ಹೊರಬರುವ ವೀರ್ಯ ಸುಮಾರು 1.5ರಿಂದ 5 ಮಿ.ಲೀ., ಅಂದರೆ ಒಂದು ಟೀ ಚಮಚದೊಳಗೆ. ಬಹುಪಾಲು ನೀರು, ದೇಹ ಅದನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಮೂತ್ರ ಬೆಳ್ಳಗೆ ಕಾಣಲು ಹಲವು ಸಲ ಕಾರಣ ಫಾಸ್ಫೇಟ್ ಲವಣ, ಮೂತ್ರಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಉರಿ, ರಕ್ತ, ಕೀವು, ಜ್ವರ ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಪರೀಕ್ಷೆ ಸರಿಯಿದ್ದೂ ಸುಸ್ತು, ನಿದ್ದೆಗೇಡು ಮುಂದುವರಿದರೆ ಅದು ಹೆಚ್ಚಾಗಿ ಆತಂಕ ಅಥವಾ ಖಿನ್ನತೆ. ಧಾತು ಹೋಗುತ್ತಿದೆ ಎಂಬ ಭಯದ ಈ ಸ್ಥಿತಿಗೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟವರು ಭಾರತದ ಮನೋವೈದ್ಯ ಎನ್.ಎನ್. ವಿಗ್. ಇದಕ್ಕೆ ಚಿಕಿತ್ಸೆಯಿದೆ. ಬಸ್ ನಿಲ್ದಾಣದ ಗೋಡೆಬರಹ ನೋಡಿ ದುಡ್ಡು ಸುರಿಯಬೇಡಿ.

ಪ್ರಶ್ನೆ: ಅಣ್ಣನ ಮಗ, 22 ವರ್ಷ, ‘ನಾನು ಗೇ’ ಎಂದಿದ್ದಾನೆ. ಮನೋವೈದ್ಯರಲ್ಲಿ ತೋರಿಸಿ ಸರಿಮಾಡಿಸೋಣ ಎಂದು ಮನೆಯವರು. ಯಾರಲ್ಲಿಗೆ ಹೋಗಬೇಕು? (ಶಿವಮೊಗ್ಗ)

ಉತ್ತರ: ಸರಿಮಾಡಿಸಲು ಯಾರಲ್ಲಿಗೂ ಹೋಗಬೇಡಿ; ಇದು ಕಾಯಿಲೆಯಲ್ಲ. ಹಳೆಯ ವೈದ್ಯರಿಗೆ ಇಲ್ಲದಿದ್ದ ಹೋಲಿಕೆಯ ಗುಂಪನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಎವಲಿನ್ ಹೂಕರ್ ಕಟ್ಟಿದರು. ಚಿಕಿತ್ಸೆಗೆ ಬಂದಿರದ 30 ಸಲಿಂಗಾಸಕ್ತ, 30 ಭಿನ್ನಲಿಂಗಾಸಕ್ತ ಗಂಡಸರಿಗೆ ಮನೋಪರೀಕ್ಷೆ ಮಾಡಿ, ಹೆಸರು ಮುಚ್ಚಿ ಪರಿಣತರ ಮುಂದಿಟ್ಟರು. ಯಾರು ಯಾವ ಗುಂಪಿನವರು ಎಂದು ಗುರುತಿಸಲು ಆ ಪರಿಣತರಿಗೆ ಸಾಧ್ಯವಾಗಲಿಲ್ಲ. ಇದು ಪ್ರಕಟವಾದದ್ದು 1957ರಲ್ಲಿ. 1973ರ ಡಿಸೆಂಬರ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ, 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದವು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧಕ್ಕೆ ಭಾರತೀಯ ದಂಡಸಂಹಿತೆಯ 377ನೇ ಕಲಂ ಅನ್ವಯಿಸದು ಎಂದಿತು. ಒಲವು ಬದಲಿಸುವ ‘ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ.

ಹುಡುಗ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಆ ತೊಂದರೆಗೆ, ಅವನು ಒಪ್ಪಿದರೆ, ಮನೋವೈದ್ಯರನ್ನು ಕಾಣಿ. ಹೋಗುವ ಮುನ್ನ ಫೋನಿನಲ್ಲಿ ನೇರವಾಗಿ ಕೇಳಿ: ‘ಸಲಿಂಗಾಸಕ್ತಿಗೆ ಔಷಧಿ ಕೊಡುತ್ತೀರಾ?’ ‘ಹೌದು’ ಎಂದರೆ ಅಲ್ಲಿಗೆ ಹೋಗಬೇಡಿ. ಹಾರ್ಮೋನು ಇಂಜೆಕ್ಷನ್, ಅವಸರದ ಮದುವೆ, ಎರಡೂ ಬೇಡ; ಎರಡನೆಯದರಿಂದ ಇನ್ನೊಂದು ಮನೆಯ ಹೆಣ್ಣುಮಗಳ ಬದುಕೂ ಹಾಳಾಗುತ್ತದೆ. ಅಣ್ಣ ಅತ್ತಿಗೆಗೆ ನಿದ್ದೆ ಬರುತ್ತಿಲ್ಲವಾದರೆ ಅವರೂ ಆಪ್ತಸಮಾಲೋಚನೆ ಪಡೆಯಲಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು.